ರಾಜಕಾರಣಿಗಳ ಖಾಸಗಿ ನಂಬಿಕೆ (ಹಂಪಿ–ಸಂಡೂರು ಸೀಮೆ)

ಆಳುವವರ ಸ್ವಂತ ದೈವಭಕ್ತಿಗೂ ಅವರ ಸಾರ್ವಜನಿಕ ಹೊಣೆಗೂ ಇರುವ ನಂಟು. ಈ ಸೀಮೆಯಲ್ಲಿ ಅದಕ್ಕೆ ಹಳೆಯ ದಾಖಲೆಗಳಿವೆ. ವಿಜಯನಗರದ ಅರಸರ ಶಾಸನಗಳ ಕೊನೆಗೆ ‘ಶ್ರೀವಿರೂಪಾಕ್ಷ’ ಎಂಬ ಅಂಕಿತವಿರುತ್ತಿತ್ತು. ತಿರುಪತಿಯ ವೆಂಕಟೇಶ್ವರನ ಭಕ್ತನಾಗಿದ್ದ ಕೃಷ್ಣದೇವರಾಯ 1510ರಲ್ಲಿ ಹಂಪಿಯ ವಿರೂಪಾಕ್ಷ ಗುಡಿಗೆ ರಂಗಮಂಟಪ ಕಟ್ಟಿಸಿದ. ತನ್ನ ಭಕ್ತಿಯ ಜೊತೆಗೆ ಸೀಮೆಯ ದೇವರನ್ನೂ ಗೌರವಿಸಿದ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ 1368ರಲ್ಲಿ ಎರಡೂ ಮತಗಳಿಗೆ ಭೇದವಿಲ್ಲವೆಂದು ತೀರ್ಪಿತ್ತದ್ದು ಅದಕ್ಕಿಂತಲೂ ದೊಡ್ಡ ಮಾದರಿ.

ಆಧುನಿಕ ಕಾಲದ ಉಜ್ವಲ ಉದಾಹರಣೆ ಸಂಡೂರಿನದು. ಅಲ್ಲಿನ ಅರಸ ಯಶವಂತರಾವ್ ಘೋರ್ಪಡೆ ತಮ್ಮ ಸಂಸ್ಥಾನದ ಆರಾಧ್ಯದೈವ ಕುಮಾರಸ್ವಾಮಿಯ ಗುಡಿಯನ್ನು 1930ರ ದಶಕದಲ್ಲಿ ದಲಿತರಿಗೆ ತೆರೆದರು. ತಿರುವಾಂಕೂರಿನ 1936ರ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೂ ಮೊದಲಿನ ಮಾತಿದು. ಅರಸನ ಭಕ್ತಿ ಇಲ್ಲಿ ಪ್ರಜೆಯ ಹಕ್ಕಾಯಿತು. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು.

ಚುನಾವಣಾ ರಾಜಕಾರಣದಲ್ಲಿ ಪೂಜೆಯೇ ಸಾರ್ವಜನಿಕ ಸಂದರ್ಭವಾಯಿತು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸೋತ ಸುಷ್ಮಾ ಸ್ವರಾಜ್, ಆಮೇಲೂ ಹಲವು ವರ್ಷ ವರಮಹಾಲಕ್ಷ್ಮಿ ಪೂಜೆಗೆ ಅಲ್ಲಿಗೆ ಬರುತ್ತಿದ್ದರು. 2009ರಲ್ಲಿ ಆಗ ಕರ್ನಾಟಕದ ಸಚಿವರಾಗಿದ್ದ ಬಳ್ಳಾರಿಯ ಜಿ. ಜನಾರ್ದನ ರೆಡ್ಡಿ ತಿರುಪತಿಗೆ ವಜ್ರಕಿರೀಟ ಅರ್ಪಿಸಿದರು. ಹರಕೆ ಖಾಸಗಿಯದೇ ಆದರೂ ಅಧಿಕಾರದಲ್ಲಿರುವವರ ಕಾಣಿಕೆಯನ್ನು ಜನ ಪ್ರಶ್ನಿಸುವುದು ನ್ಯಾಯವೇ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಕಾಯುತ್ತದೆ. ಆದರೆ ಮತ ಕೇಳಲು ಧರ್ಮವನ್ನು ಬಳಸುವುದು 1951ರ ಪ್ರಜಾಪ್ರತಿನಿಧಿ ಕಾಯಿದೆಯ 123ನೇ ಕಲಮಿನಂತೆ ಭ್ರಷ್ಟಾಚರಣೆ.