ಪಿ.ಬಿ. ರಸ್ತೆಯಲ್ಲಿ ಹೊಸ ಗಾಡಿಯ ದಾರಿ ಕಾದವರು

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಪುಣೆ ಮತ್ತು ಬೆಂಗಳೂರಿನ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಎರಡೂ ತುದಿಗಳನ್ನು ಕೂಡಿಸುವ ದಾರಿಗೆ ಊರಿನವರು ಇಂದಿಗೂ ಪಿ.ಬಿ. ರೋಡ್ ಎಂದೇ ಹೇಳುತ್ತಾರೆ. ಅದರ ಉತ್ತರಕ್ಕೆ ಪುಣೆಯಲ್ಲಿ ಟಾಟಾ, ಅದರಾಚೆ ಮುಂಬೈಯಲ್ಲಿ ಪ್ರೀಮಿಯರ್ ಮತ್ತು ಮಹೀಂದ್ರ ಕಾರ್ಖಾನೆಗಳು ಬೆಳೆದವು. ದಕ್ಷಿಣದ ತುದಿಯಲ್ಲಿ ಬೆಂಗಳೂರಿನ ಸಿಪಾನಿ, ಆಮೇಲೆ ಬಿಡದಿಯ ಟೊಯೊಟಾ ಬಂದವು. ನಡುವಿನ ಈ ಊರಿನಲ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು, ಮುಂದೆ ಬಸ್ಸು ಕಟ್ಟುವ ಕಾರ್ಖಾನೆಯೂ ಬಂತು. ಕಾರು ಮಾತ್ರ ಇಲ್ಲಿ ತಯಾರಾಗಲಿಲ್ಲ. ಆದ್ದರಿಂದ ಹೊಸ ಗಾಡಿಯ ವಿಷಯದಲ್ಲಿ ಇಲ್ಲಿನವರ ಚರಿತ್ರೆ ಬಹುಮಟ್ಟಿಗೆ ಕಾಯುವಿಕೆಯ ಚರಿತ್ರೆ.

ಯಾವ ಗಾಡಿಗಾಗಿ ಕಾದರು ಎಂಬುದನ್ನು ಇಲ್ಲಿನ ನೆಲವೇ ತೀರ್ಮಾನಿಸಿತು. ಹುಬ್ಬಳ್ಳಿಯ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆಗೆ ಎರೆಭೂಮಿ. ಧಾರವಾಡದ ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ದಾಟಿದರೆ ಮಲೆನಾಡಿನ ಸೆರಗು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯಲು ಅರಬೈಲ್ ಘಟ್ಟ. ಡಾಂಬರು ರಸ್ತೆಗೆ ಸೆಡಾನ್ ಸಾಕು. ಎರೆಹೊಲದ ದಾರಿಗೆ ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿ ಬೇಕು. ಮನೆಮಂದಿಯೆಲ್ಲ ಗಂಟುಮೂಟೆ ಸಮೇತ ಜಾತ್ರೆ, ಮದುವೆಗೆ ಹೊರಟರೆ ಡಿಕ್ಕಿಯ ಜಾಗವೂ ಸೀಟಿನ ಜಾಗಕ್ಕೆ ಕೂಡಿಕೊಂಡಿರುವ ಸ್ಟೇಷನ್ ವ್ಯಾಗನ್ ಬೇಕು. ಈ ಮೂರೂ ಅಗತ್ಯ ಒಂದೇ ಮನೆಯಲ್ಲಿದ್ದರೂ ಮೂರನ್ನೂ ತೀರಿಸುವ ಒಂದು ಕಾರು ಬಹುಕಾಲ ಭಾರತಕ್ಕೆ ಬರಲೇ ಇಲ್ಲ.

ಕನ್ನಡ ನಾಡಿನಲ್ಲೇ ಕಾರು ತಯಾರಾಗಬಹುದಾಗಿದ್ದ ಕಾಲವೊಂದಿತ್ತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಮೋಟಾರು ಉದ್ಯಮದ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನವೂ ನೆರವಿಗೆ ಮುಂದಾಯಿತು. ಬ್ರಿಟಿಷ್ ಸರ್ಕಾರದ ಸಮ್ಮತಿ ದೊರೆಯದೆ ಯೋಜನೆ ನಿಂತಿತು. ಇದು ನಾಡಿಗೆ ಆದ ದೊಡ್ಡ ನಷ್ಟ. ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅಲ್ಲಿನ ಕುರ್ಲಾ ಕಾರ್ಖಾನೆಯಿಂದ ಫಿಯೆಟ್ 1100, ಅದೇ ವಂಶದ ಪ್ರೀಮಿಯರ್ ಪದ್ಮಿನಿ ಹೊರಬಂದವು. ಪ್ರೀಮಿಯರ್ ಸ್ಥಾಪನೆಯಾದಾಗ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. 1956ರ ಏಕೀಕರಣದ ನಂತರ ಮೈಸೂರು ರಾಜ್ಯಕ್ಕೆ ಸೇರಿತು.

ಸ್ವಾತಂತ್ರ್ಯಾನಂತರದ ಲೈಸೆನ್ಸ್ ವ್ಯವಸ್ಥೆಯಲ್ಲಿ ಯಾವ ಕಂಪನಿ ಎಷ್ಟು ಕಾರು ಮಾಡಬೇಕೆಂದು ಸರ್ಕಾರ ನಿಗದಿ ಮಾಡುತ್ತಿತ್ತು. ಕಾರಿನ ಹಂಚಿಕೆ ಮತ್ತು ಮಾರಾಟದ ಮೇಲೆ 1959ರಲ್ಲಿ ನಿಯಂತ್ರಣ ಆದೇಶವೂ ಬಂತು. ಹಣ ಕೈಯಲ್ಲಿದ್ದವರೂ ಹೆಸರು ಬರೆಸಿ, ಠೇವಣಿ ಕಟ್ಟಿ ಸರತಿಗೆ ಕಾಯಬೇಕು. ಫಿಯೆಟ್ಟಿನ ಸರತಿ ವರ್ಷಗಟ್ಟಲೆ ಹಿಡಿಯುತ್ತಿತ್ತು. ಹತ್ತಿಯ ಅಡತಿ ವ್ಯಾಪಾರಿ, ಡಾಕ್ಟರು, ವಕೀಲರಂಥವರಿಗಷ್ಟೇ ಎಟುಕುತ್ತಿದ್ದ ಕಾರು ಅವರಿಗೂ ಬೇಗ ಸಿಗುತ್ತಿರಲಿಲ್ಲ. ಮಾದರಿ ಬದಲಾದೀತೆಂದು ಆಗ ಯಾರೂ ಎದುರು ನೋಡುತ್ತಿರಲಿಲ್ಲ, ಏಕೆಂದರೆ ಬದಲಾವಣೆ ಎಂದರೆ ಮುಂಭಾಗದ ಜಾಲರಿ, ದೀಪ, ಡ್ಯಾಶ್‌ಬೋರ್ಡ್ ಅಷ್ಟೇ. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ ತನ್ನ ಮೂಲ ಆಕಾರವನ್ನು ಉಳಿಸಿಕೊಂಡೇ 2014ರವರೆಗೆ ತಯಾರಾಯಿತು. ಅದರದೊಂದು ವ್ಯಾಗನ್ ರೂಪವೂ ಇತ್ತು, ಆದರೆ ಸೆಡಾನ್‌ನಷ್ಟು ಅದು ಎಂದೂ ಬಳಕೆಗೆ ಬರಲಿಲ್ಲ.

ಎರೆಭೂಮಿಯ ಕೆಲಸಕ್ಕೆ ಇದ್ದದ್ದು ಜೀಪು ಒಂದೇ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಲು ಆರಂಭಿಸಿತು. ಮಳೆ ಬಿದ್ದ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಕೊನೆಗೆ ಚಕ್ರವನ್ನೇ ತಿರುಗಗೊಡುವುದಿಲ್ಲ. ಹಿಂದಿನ ಎರಡೇ ಚಕ್ರಕ್ಕೆ ಬಲವಿರುವ ಕಾರು ಅಂಥಲ್ಲಿ ಆಕ್ಸಿಲರೇಟರ್ ತುಳಿದಷ್ಟೂ ಹೂತುಹೋಗುತ್ತದೆ. ಜೀಪಿನಲ್ಲಿ ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳಿರುತ್ತಿದ್ದವು. ಒಂದು ಮುಂದಿನ ಚಕ್ರಗಳನ್ನೂ ಎಂಜಿನ್ನಿಗೆ ಕೂಡಿಸಲು, ಇನ್ನೊಂದು ವೇಗ ತಗ್ಗಿಸಿ ಎಳೆತ ಹೆಚ್ಚಿಸಲು. ಮುಂದಿನ ಚಕ್ರಗಳು ಎಳೆದು, ಹಿಂದಿನವು ನೂಕಿ ಗಾಡಿ ಕೆಸರಿನಿಂದ ಮೇಲೇಳುತ್ತಿತ್ತು. ಗಟ್ಟಿ ರಸ್ತೆ ಸಿಕ್ಕ ಕೂಡಲೇ ಮೊದಲಿನ ಕೋಲಿನಿಂದ ಮುಂದಿನ ಚಕ್ರಗಳನ್ನು ಬಿಡಿಸುವುದನ್ನು ಡ್ರೈವರ್ ಮರೆಯಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಆ ವ್ಯತ್ಯಾಸವನ್ನು ಹೊಂದಿಸುವ ಡಿಫರೆನ್ಶಿಯಲ್ ಜೀಪಿನ ನಡುಭಾಗದಲ್ಲಿ ಇರಲಿಲ್ಲ. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರ ಕೂಡಿಸಿಯೇ ಓಡಿಸಿದರೆ ಟೈರು ಸವೆದು, ಒಳಗಿನ ಗೇರುಗಳ ಮೇಲೆ ಭಾರ ಬೀಳುತ್ತಿತ್ತು.

ಈ ತೊಡಕನ್ನು ಹೊರಜಗತ್ತು ಹಂತಹಂತವಾಗಿ ಬಿಡಿಸಿತು. ಜಪಾನಿನ ಉತ್ತರ ಭಾಗದ ವಿದ್ಯುತ್ ಕಂಪನಿಯೊಂದು ಹಿಮದ ರಸ್ತೆಯಲ್ಲೂ ಸಿಬ್ಬಂದಿ ಆರಾಮವಾಗಿ ಓಡಾಡುವಂಥ ಕಾರು ಬೇಕೆಂದು ಕೇಳಿದ್ದರಿಂದ ಅಲ್ಲಿನ ಕಾರು ಕಂಪನಿ ಸುಬಾರು ಈ ಕೆಲಸಕ್ಕೆ ಇಳಿಯಿತು. 1972ರಲ್ಲಿ ಅದರ ಲಿಯೋನ್ ಸ್ಟೇಷನ್ ವ್ಯಾಗನ್ ನಾಲ್ಕು ಚಕ್ರ ಚಾಲನೆಯೊಂದಿಗೆ ಮಾರುಕಟ್ಟೆಗೆ ಬಂತು. ಒಣ ರಸ್ತೆಯಲ್ಲೂ ನಾಲ್ಕೂ ಚಕ್ರಕ್ಕೆ ಸದಾ ಬಲ ಕೊಡುವ ವಿಧಾನವನ್ನು ಆಡಿ ಕಂಪನಿಯ ಕ್ವಾಟ್ರೊ 1980ರಲ್ಲಿ ಜನಪ್ರಿಯಗೊಳಿಸಿತು. 1989ರಲ್ಲಿ ಬಂದ ಸುಬಾರು ಲೆಗಸಿ ಸೆಡಾನ್, ವ್ಯಾಗನ್ ಎರಡೂ ರೂಪಗಳಲ್ಲಿ ಈ ಸೌಲಭ್ಯವನ್ನು ಕೊಟ್ಟಿತು. ಹೊಸ ತಲೆಮಾರಿನ ಲೆಗಸಿ ಬಂದಾಗಲೆಲ್ಲ ಅಮೆರಿಕ, ಜಪಾನಿನ ಕಾರುಪ್ರಿಯರು ಅದರ ಚಿತ್ರ, ಎಂಜಿನ್ನಿನ ವಿವರಗಳಿಗೆ ಕಾದು ಕೂರುತ್ತಿದ್ದರು. ನವಲಗುಂದದ ಹೊಲಗಳಿಗೂ ಅರಬೈಲ್ ಘಟ್ಟಕ್ಕೂ ಅಂಥ ಕಾರು ಹೇಳಿ ಮಾಡಿಸಿದಂತಿತ್ತು. ಆದರೆ ಭಾರತಕ್ಕೆ ಲೆಗಸಿ ಬರಲಿಲ್ಲ.

ಭಾರತದಲ್ಲಿ ಸರತಿಯ ಸ್ವರೂಪವನ್ನು ಬದಲಿಸಿದ್ದು ಮಾರುತಿ 800. 1983ರಲ್ಲಿ 10,000 ರೂಪಾಯಿ ಮುಂಗಡ ಕಟ್ಟಿ ಸುಮಾರು 1.35 ಲಕ್ಷ ಜನ ಹೆಸರು ಬರೆಸಿದರು. ಅದೇ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದರು. ಅದುವರೆಗೆ ಯಾವ ಕಾರಾದರೂ ಸರಿ, ಕೈಗೆ ಬಂದರೆ ಸಾಕೆನ್ನುತ್ತಿದ್ದ ಮಧ್ಯಮ ವರ್ಗ ಮೊದಲ ಬಾರಿಗೆ ಇಂಥದೇ ಕಾರು ಬೇಕೆಂದು ಕಾಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿ ನಾಲ್ಕು ಚಕ್ರ ಚಾಲನೆಯನ್ನು ಪೆಟ್ರೋಲ್ ಎಂಜಿನ್ನಿನ ಹಗುರ ಗಾಡಿಯಲ್ಲಿ ಕೊಟ್ಟರೂ ಹಿಂದಿನ ಸೀಟಿನ ಇಕ್ಕಟ್ಟಿನಿಂದ ಮನೆಮಂದಿಯ ಕಾರಾಗಲಿಲ್ಲ.

1990ರ ದಶಕದಲ್ಲಿ ವ್ಯಾಗನ್‌ಗೆ ಒಂದು ನಿಜವಾದ ಅವಕಾಶ ಬಂತು. ಟಾಟಾ ಕಂಪನಿ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ಎಂಬ ಸ್ಟೇಷನ್ ವ್ಯಾಗನ್ನನ್ನು ಬಿಡುಗಡೆ ಮಾಡಿತು. ಸಿಯೆರಾದಲ್ಲಿ ನಾಲ್ಕು ಚಕ್ರ ಚಾಲನೆಯ ಆವೃತ್ತಿಯೂ ಇತ್ತು, ಆದರೆ ಬಾಗಿಲುಗಳು ಮೂರೇ. ಎಸ್ಟೇಟಿಗೆ ಉದ್ದವಿತ್ತು, ಜಾಗವಿತ್ತು. ಡಾಲ್ಫಿನ್, ಮೊಂಟಾನಾ ಎಂಬ ಸಣ್ಣ ಕಾರುಗಳನ್ನು ಮಾಡಿದ್ದ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಅದೇ ದಶಕದಲ್ಲಿ ಬ್ರಿಟನ್ನಿನ ರೋವರ್ ಮೊಂಟೆಗೊ ಕಾರನ್ನು ಜೋಡಿಸಿ ಮಾರಿತು. ಅದರಲ್ಲೂ ವ್ಯಾಗನ್ ಇತ್ತು. ಕರ್ನಾಟಕದಲ್ಲೇ ಜೋಡಣೆಯಾದ ಆ ವ್ಯಾಗನ್ ದುಬಾರಿಯಾದ್ದರಿಂದ ಬೇಗ ಮರೆಯಾಯಿತು. ಮುಂದೆ ಮಾರುತಿ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಟಾಟಾ ಇಂಡಿಗೊ ಮರೀನಾ ಬಂದು ಹೋದವು. ಸೆಡಾನಿನ ಮೇಲೆ ಇನ್ನಷ್ಟು ಹಣ ಕೊಟ್ಟರೂ ಅವುಗಳಲ್ಲಿ ಸೀಟು ಐದೇ. ಅದೇ ಹಣಕ್ಕೆ ಎಂಟು-ಹತ್ತು ಮಂದಿಯನ್ನು ಕೂರಿಸುವ ಗಾಡಿ ಸಿಗುವಾಗ ವ್ಯಾಗನ್ ಸೋತದ್ದು ಸಹಜ.

ಟ್ರ್ಯಾಕ್ಸ್, 1994ರ ಟಾಟಾ ಸುಮೊ, ಬಿಡದಿಯಿಂದ 2000ದಲ್ಲಿ ಬಂದ ಟೊಯೊಟಾ ಕ್ವಾಲಿಸ್, 2005ರ ಇನೋವಾ ಉತ್ತರ ಕರ್ನಾಟಕದಲ್ಲಿ ವ್ಯಾಗನ್ನಿನ ಕೆಲಸವನ್ನು ಪೂರ್ತಿ ವಹಿಸಿಕೊಂಡವು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಕುಟುಂಬ, ಬೀಗರ ಮನೆಗೆ ಹೊರಟ ದಿಬ್ಬಣ, ಹಳ್ಳಿಯಿಂದ ಆಸ್ಪತ್ರೆಗೆ ಬರುವವರು ಎಲ್ಲರಿಗೂ ಇವೇ ಗಾಡಿ. ಸುಬಾರು ಕೂಡ ಒಮ್ಮೆ ಬೇರೆ ಹೆಸರಿನಲ್ಲಿ ಭಾರತಕ್ಕೆ ಬಂದಿತ್ತು. ಜನರಲ್ ಮೋಟಾರ್ಸ್ ಅದರಲ್ಲಿ ಪಾಲು ಹೊಂದಿದ್ದ ಕಾಲದಲ್ಲಿ ಸುಬಾರು ಫಾರೆಸ್ಟರ್ ಇಲ್ಲಿ ಷೆವರ್ಲೆ ಫಾರೆಸ್ಟರ್ ಆಗಿ ಮಾರಾಟವಾಯಿತು. ನಾಲ್ಕು ಚಕ್ರ ಚಾಲನೆ, ವ್ಯಾಗನ್ನಿನ ಮೈಕಟ್ಟು ಎರಡೂ ಇದ್ದ ಆ ಕಾರು ಬೆಲೆಯ ಕಾರಣಕ್ಕೆ ಕೆಲವರ ಪಾಲಿಗಷ್ಟೇ ಸೇರಿತು.

ಸಣ್ಣ ಕಾರಿನ ಸರತಿಯೂ ಮುಂದುವರಿಯಿತು. ಟಾಟಾ ಇಂಡಿಕಾ 1998ರ ಕೊನೆಗೆ ಬಂದಾಗ ಒಂದು ಲಕ್ಷಕ್ಕೂ ಹೆಚ್ಚು ಬುಕಿಂಗ್ ಆಯಿತು. 2009ರಲ್ಲಿ ನ್ಯಾನೊಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಮೊದಲ ಒಂದು ಲಕ್ಷ ಕಾರುಗಳನ್ನು ಲಾಟರಿ ಎತ್ತಿ ಹಂಚಬೇಕಾಯಿತು. ನ್ಯಾನೊದ ಕಥೆಯಲ್ಲಿ ಧಾರವಾಡಕ್ಕೂ ಪಾತ್ರವಿದೆ. 2008ರ ಅಕ್ಟೋಬರಿನಲ್ಲಿ ಟಾಟಾ ಕಂಪನಿ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಹೊರಟಾಗ ಕರ್ನಾಟಕವೂ ಆಹ್ವಾನ ನೀಡಿತು, ಧಾರವಾಡದ ಹೆಸರು ಮುನ್ನೆಲೆಗೆ ಬಂತು. ಕಾರ್ಖಾನೆ ಗುಜರಾತಿನ ಸಾಣಂದಕ್ಕೆ ಹೋಯಿತು. ಬ್ರೆಜಿಲ್ಲಿನ ಮಾರ್ಕೊಪೊಲೊ ಜೊತೆಗೂಡಿ ಟಾಟಾ ಕಟ್ಟಿದ ಬಸ್ ಕಾರ್ಖಾನೆ ಮಾತ್ರ ಧಾರವಾಡದಲ್ಲಿ ನೆಲೆಯೂರಿತು. ಏಸ್ ಝಿಪ್, ಮ್ಯಾಜಿಕ್ ಐರಿಸ್‌ನಂಥ ಸಣ್ಣ ಗಾಡಿಗಳೂ ಇಲ್ಲಿ ತಯಾರಾದವು.

ಇಷ್ಟರಲ್ಲಿ ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸ ನಡೆದು ಬೆಂಗಳೂರು, ಪುಣೆಗಳ ದಾರಿ ಹಗುರಾಯಿತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಶೋರೂಮುಗಳು ಬೆಳೆದವು. ಇಂದು ಬುಕಿಂಗ್ ಬೇಗ ಮಾಡಿದರೂ ಡೆಲಿವರಿಗೆ ಜನ ಖಂಡೇಪೂಜೆ, ದೀಪಾವಳಿ ಪಾಡ್ಯ, ಯುಗಾದಿಯನ್ನೇ ಆರಿಸುತ್ತಾರೆ. ಮನೆಗೆ ಒಯ್ಯುವ ಮೊದಲು ಹಲವರು ಗಾಡಿಯನ್ನು ಸಿದ್ಧಾರೂಢ ಮಠಕ್ಕೆ ತರುತ್ತಾರೆ. ಬಾನೆಟ್ಟಿಗೆ ಹೂವಿನ ಮಾಲೆ, ಕುಂಕುಮದ ಸ್ವಸ್ತಿಕ. ತೆಂಗಿನಕಾಯಿ ಒಡೆದ ಮೇಲೆ ನಾಲ್ಕೂ ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಗಾಡಿ ಮುಂದೆ ಸರಿಯುತ್ತದೆ.

ನಾಲ್ಕು ಚಕ್ರ ಚಾಲನೆಯ ಮೇಲಿನ ಆಸೆ ಈಗ ಎತ್ತರದ ಗಾಡಿಗಳ ಕಡೆ ಹರಿದಿದೆ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಮಹೀಂದ್ರ ಥಾರ್‌ಗಾಗಿ ಯುವಕರು ತಿಂಗಳುಗಟ್ಟಲೆ ಕಾದರು. ಸೆಡಾನಿನ ಬೇಡಿಕೆ ಜಗತ್ತಿನಾದ್ಯಂತ ಕುಗ್ಗುತ್ತಿದೆ. ಅಮೆರಿಕದಲ್ಲಿ 2025ರ ಮಾದರಿಯ ನಂತರ ಲೆಗಸಿ ಸೆಡಾನನ್ನು ನಿಲ್ಲಿಸುವುದಾಗಿ ಸುಬಾರು ಪ್ರಕಟಿಸಿತು. ಮನೆಮಂದಿ ಕೂರುವ ಜಾಗ, ಮಿತವಾದ ಬೆಲೆ, ನಾಲ್ಕೂ ಚಕ್ರಕ್ಕೆ ಬಲ ಒಟ್ಟಿಗಿರುವ ಕಾರು ಪಿ.ಬಿ. ರಸ್ತೆಯ ದಕ್ಷಿಣದ ತುದಿಯಿಂದಲೂ ಬಂತು. 2022ರಲ್ಲಿ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್ ಆಲ್ ವೀಲ್ ಡ್ರೈವ್ ಆವೃತ್ತಿಯ ಸಹಿತ ಬಿಡುಗಡೆಯಾದವು. ಎರಡೂ ತಯಾರಾಗುವುದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ.