ಒಂದು ಸರ್ಕಾರ, ಎರಡು ಕಾನೂನು: ಫಿಜಿಯ ನೆಲ ಮತ್ತು ಕಬ್ಬಿನ ಕಥೆ

ಗಿರ್ಮಿಟ್ ಅಂದ ತಕ್ಷಣ ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಚುರುಮುರಿ, ಮಿರ್ಚಿ ಭಜಿ ನೆನಪಾಗತ್ತೆ. ಫಿಜಿ ದ್ವೀಪಗಳಲ್ಲಿ ಅದೇ ಪದಕ್ಕೆ ಬೇರೆಯೇ ಅರ್ಥ. ಐದು ವರ್ಷ ತೋಟದಲ್ಲಿ ದುಡಿಯುತ್ತೇನೆ ಅಂತ ಭಾರತದ ಕೂಲಿಗಳು ಒಪ್ಪಿಕೊಂಡ ಅಗ್ರಿಮೆಂಟ್, ಜನರ ಬಾಯಲ್ಲಿ ಗಿರ್ಮಿಟ್ ಆಯಿತು. ಆ ಕರಾರಿನಲ್ಲಿ ಹೋದವರು ಗಿರ್ಮಿಟಿಯಾಗಳು. ಅವರ ಕಷ್ಟದ ಕಥೆಯನ್ನ ನಮ್ಮಲ್ಲಿ ಹಲವರು ಕೇಳಿರ್ತೀವಿ. ಇವತ್ತು ನಾನು ಹೇಳೋದು ಅದರ ಇನ್ನೊಂದು ಮಗ್ಗುಲು. ಇವರನ್ನು ಕರೆತಂದ ಸರ್ಕಾರವೇ ಅಲ್ಲಿನ ಮೂಲನಿವಾಸಿಗಳ ಜಮೀನನ್ನ ಕಾಪಾಡಿತು. ಈ ಎರಡು ಕೆಲಸಗಳನ್ನ ಬೇರೆ ಬೇರೆಯಾಗಿ ನೋಡಿದರೆ ಫಿಜಿ ಅರ್ಥವಾಗಲ್ಲ.

1874ರ ಅಕ್ಟೋಬರ್ 10ರಂದು ಲೆವೂಕಾ ಊರಿನಲ್ಲಿ ಥಾಕೊಂಬಾವ್ ಮತ್ತು ಇತರ ಮುಖಂಡರು ಫಿಜಿಯನ್ನ ಬ್ರಿಟಿಷರಿಗೆ ಬರೆದುಕೊಟ್ಟರು. ಮರುವರ್ಷವೇ ದಡಾರ ಬಂತು. ಆ ರೋಗವನ್ನೇ ಕಾಣದ ಜನ ಸುಮಾರು 40,000 ಮಂದಿ ಸತ್ತರು. ಅಷ್ಟು ಹೊತ್ತಿಗೆ ಬಿಳಿಯ ತೋಟಗಾರರು ದೊಡ್ಡ ದೊಡ್ಡ ಜಮೀನು ತಮ್ಮದು ಅಂತ ಪತ್ರ ಹಿಡಿದು ಕೂತಿದ್ದರು.

ಇಂಥ ಹೊತ್ತಲ್ಲಿ, 1875ರಲ್ಲಿ, ಗವರ್ನರ್ ಆಗಿ ಬಂದವನು ಆರ್ಥರ್ ಗಾರ್ಡನ್. ತೋಟಗಾರರ ಕ್ಲೇಮುಗಳನ್ನೆಲ್ಲ ಒಂದು ಆಯೋಗ ಪರಿಶೀಲಿಸಿತು. ಸುಮಾರು 4 ಲಕ್ಷ ಎಕರೆ ಅವರಿಗೆ ಖಾಯಂ ಆಯಿತು. ಉಳಿದ ಜಮೀನನ್ನ ಫಿಜಿಯನ್ನರು ಹೊರಗಿನವರಿಗೆ ಮಾರುವ ಹಾಗಿಲ್ಲ ಅಂತ ಗಾರ್ಡನ್ ಬಾಗಿಲು ಹಾಕಿಬಿಟ್ಟ. ತೆರಿಗೆಯನ್ನ ದುಡ್ಡಿನ ಬದಲು ಬೆಳೆಯ ರೂಪದಲ್ಲಿ ತಗೊಂಡ. ಕೊಬ್ಬರಿ, ಹತ್ತಿ, ಮೆಕ್ಕೆಜೋಳ, ತಂಬಾಕು ಹೀಗೆ ಪ್ರತಿ ಪ್ರಾಂತ್ಯಕ್ಕೂ ಇಷ್ಟು ಅಂತ ನಿಗದಿ. ಸರ್ಕಾರ ಅದನ್ನ ಟೆಂಡರ್ ಕರೆದು ಮಾರಿ, ತೆರಿಗೆ ಕಳೆದು ಮಿಕ್ಕಿದ್ದನ್ನ ಬೆಳೆದವರಿಗೇ ವಾಪಸ್ ಕೊಡ್ತಿತ್ತು. ಫಿಜಿಯನ್ನರಿಗೆ ಬೇರೆ ನಿಯಮಾವಳಿ, ಫಿಜಿಯನ್ ಮ್ಯಾಜಿಸ್ಟ್ರೇಟರು ಕೂರುವ ಬೇರೆ ಕೋರ್ಟು. ಆದರೆ ಈ ರಕ್ಷಣೆಗೆ ಬೇಲಿಯೂ ಇತ್ತು: ಹಳ್ಳಿ ಬಿಟ್ಟು ಹೊರಗೆ ಕೂಲಿಗೆ ಹೋಗೋದಕ್ಕೆ ನಿರ್ಬಂಧ.

ಸರಿ, ಜನರನ್ನ ಹಳ್ಳಿಯಲ್ಲೇ ಉಳಿಸಿದರೆ ವಸಾಹತಿನ ಖರ್ಚು ನಡೆಯೋದು ಹೇಗೆ? ಗಾರ್ಡನ್ ಇದಕ್ಕೆ ಮೊದಲು ಟ್ರಿನಿಡಾಡ್, ಮಾರಿಷಸ್ ಎರಡರಲ್ಲೂ ಗವರ್ನರ್ ಆಗಿದ್ದವನು. ಅಲ್ಲಿ ಕಬ್ಬಿನ ತೋಟಗಳನ್ನ ನಡೆಸುತ್ತಿದ್ದದ್ದು ಭಾರತದ ಕೂಲಿಗಳು. ಅದೇ ಏರ್ಪಾಟನ್ನ ಇಲ್ಲಿಗೂ ತಂದ. 1879ರ ಮೇ 14ರಂದು ಕಲ್ಕತ್ತಾದಿಂದ 'ಲಿಯೋನಿಡಾಸ್' ಹಡಗು ಬಂತು. 1882ರಲ್ಲಿ ಆಸ್ಟ್ರೇಲಿಯಾದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ, ಅಂದ್ರೆ ಸಿಎಸ್‌ಆರ್, ನೌಸೋರಿಯಲ್ಲಿ ಕಬ್ಬು ಅರೆಯಲು ಶುರುಮಾಡಿತು. 1916ರ ತನಕ ಬಂದ ಗಿರ್ಮಿಟಿಯಾಗಳು ಸುಮಾರು 60,000. ಚೆನ್ನೈಯಲ್ಲಿರೋ ಸ್ನೇಹಿತರೇ, 1903ರ ನಂತರ ನೀವಿರೋ ಊರಿನ ಬಂದರಿನಿಂದಲೂ ಹಡಗುಗಳು ಹೊರಟವು. ಹಾಗೆ ಹೋದವರು ಸುಮಾರು 15,000.

ಇವರಿಗೆ ಇದ್ದ ಕಾನೂನು ಬೇರೆ. ದಿನಕ್ಕೆ ಇಷ್ಟು ಕೆಲಸ ಅಂತ ಅಳೆದು ಕೊಡ್ತಿದ್ದರು. ಮುಗಿಸಿದರೆ ಗಂಡಸಿಗೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಮುಗಿಸದಿದ್ದರೆ ಕೂಲಿ ಕಡಿತ ಮಾತ್ರ ಅಲ್ಲ, ಅದು ಶಿಕ್ಷಾರ್ಹ ಅಪರಾಧ. ಮಾಲೀಕ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು. ದಂಡ ಅಥವಾ ಜೈಲು. ಜೈಲಿನಲ್ಲಿ ಕಳೆದ ದಿನಗಳು ಕರಾರಿನ ಅವಧಿಗೆ ಸೇರಿಕೊಳ್ಳುತ್ತಿದ್ದವು. ನಮ್ಮ ಐಟಿ ಬಾಂಡ್‌ಗಳನ್ನ 'ಆಧುನಿಕ ಗಿರ್ಮಿಟ್' ಅಂತ ತಮಾಷೆ ಮಾಡೋದನ್ನ ಕೇಳಿದ್ದೀನಿ. ಹೋಲಿಕೆ ಸರಿಯಲ್ಲ. ಬಾಂಡ್ ಮುರಿದರೆ ಯಾರೂ ಜೈಲಿಗೆ ಹೋಗಲ್ಲ.

ಈಗ ಜಮೀನಿನ ದಾಖಲೆಗೆ ಬರೋಣ. ಫಿಜಿಯಲ್ಲಿ ನೆಲದ ಹಕ್ಕು ಊರಿಂದ ಊರಿಗೆ ಬೇರೆ ಬೇರೆ ರೀತಿ ಇತ್ತು. ಯುದ್ಧ, ಮದುವೆ, ವಲಸೆ ಆದ ಹಾಗೆ ಬದಲಾಗ್ತಿತ್ತು. ಸರ್ಕಾರಕ್ಕೆ ರಿಜಿಸ್ಟರಿನಲ್ಲಿ ಬರೆಯಲು ಒಂದೇ ಉತ್ತರ ಬೇಕಿತ್ತು. 'ಮತಂಗಾಲಿ' ಅನ್ನೋ ಕುಲವೇ ಒಡೆಯ ಅಂತ ತೀರ್ಮಾನಿಸಿ, ದಶಕಗಟ್ಟಲೆ ವಿಚಾರಣೆ ನಡೆಸಿ ದಾಖಲಿಸಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹತ್ತು ಥರದ ಡೇಟಾವನ್ನ ಒಂದೇ ಸ್ಕೀಮಾಗೆ ತುಂಬಿದರು. ಆಮೇಲೆ ಆ ಸ್ಕೀಮಾವನ್ನೇ ಪುರಾತನ ಸಂಪ್ರದಾಯ ಅಂದರು. 1905ರಲ್ಲಿ ಗವರ್ನರ್ ಇಮ್ ಥರ್ನ್ ಮಾರಾಟಕ್ಕೆ ಮತ್ತೆ ಬಾಗಿಲು ತೆರೆದಾಗ, ಲಾರ್ಡ್ ಸ್ಟಾನ್‌ಮೋರ್ ಆಗಿದ್ದ ಮುದುಕ ಗಾರ್ಡನ್ ಇಂಗ್ಲೆಂಡಿನ ಲಾರ್ಡ್ಸ್ ಸಭೆಯಲ್ಲಿ ವಿರೋಧಿಸಿದ. ಕೆಲವೇ ವರ್ಷಗಳಲ್ಲಿ ಬಾಗಿಲು ಮತ್ತೆ ಮುಚ್ಚಿತು.

1920ರ ಜನವರಿ 1ಕ್ಕೆ ಉಳಿದ ಗಿರ್ಮಿಟ್ ಕರಾರುಗಳೆಲ್ಲ ರದ್ದಾದವು. ಆದರೆ ಬಿಡುಗಡೆಯಾದವನಿಗೆ ನೆಲ ಎಲ್ಲಿ? ಸಿಎಸ್‌ಆರ್ ತನ್ನ ತೋಟಗಳನ್ನ ಸುಮಾರು ಹತ್ತೆಕರೆ ತುಂಡುಗಳಾಗಿ ಗೇಣಿಗೆ ಕೊಟ್ಟಿತು. ಉಳಿದವರು ಮತಂಗಾಲಿಗಳ ನೆಲವನ್ನ ಗೇಣಿಗೆ ಹಿಡಿದರು. 1940ರಿಂದ ಅದನ್ನ ನೋಡಿಕೊಳ್ಳಲು ಒಂದು ಟ್ರಸ್ಟ್ ಮಂಡಳಿಯೇ ಬಂತು. ಸ್ವತಂತ್ರ ಫಿಜಿಯ 1976ರ ಕಾಯ್ದೆ ಗೇಣಿಗೆ 30 ವರ್ಷಗಳ ಭದ್ರತೆ ಕೊಟ್ಟಿತು. 1997ರಿಂದ ಆ ಗೇಣಿಗಳು ಒಂದೊಂದಾಗಿ ಮುಗಿಯತೊಡಗಿದವು. ಸಾವಿರಾರು ಕಬ್ಬಿನ ರೈತರು ತಾತನ ಕಾಲದಿಂದ ಉತ್ತ ಹೊಲ ಬಿಟ್ಟು ಊರ ಅಂಚಿನ ಗುಡಿಸಲುಗಳಿಗೆ ಹೋದರು.

ಇವತ್ತಿಗೂ ಫಿಜಿಯ ಶೇ. 80ಕ್ಕಿಂತ ಹೆಚ್ಚು ನೆಲ ಮೂಲನಿವಾಸಿಗಳ ಕೈಯಲ್ಲಿದೆ. ವಸಾಹತುಗಳ ಇತಿಹಾಸದಲ್ಲಿ ಇದು ಅಪರೂಪ, ಅದನ್ನ ಸಣ್ಣದು ಮಾಡೋದು ನನಗೆ ಒಪ್ಪಿಗೆ ಇಲ್ಲ. ನೆಲ ಉಳಿಸಿಕೊಂಡವರದ್ದೂ ತಪ್ಪಲ್ಲ, ಉತ್ತವರದ್ದೂ ತಪ್ಪಲ್ಲ. ಒಬ್ಬರಿಗೆ ಕೊಟ್ಟ ರಕ್ಷಣೆಯ ಬಿಲ್ಲನ್ನ ಇನ್ನೊಬ್ಬರ ಹೆಸರಿಗೆ ಬರೆದವರು ಮಾತ್ರ 1970ರಲ್ಲಿ ಸ್ವಾತಂತ್ರ್ಯ ಕೊಟ್ಟು ಮನೆಗೆ ಹೋದರು. ಲೆಕ್ಕ ತೀರಿಸೋ ಕೆಲಸ ಉಳಿದದ್ದು ಈ ಇಬ್ಬರಿಗೆ.