ಮಳಖೇಡ, ಬಗ್ದಾದ್ ಮತ್ತು ಒಂದು ಬಾಗಿದ ಗೆರೆ

ಕೆಲವು ತಿಂಗಳ ಹಿಂದೆ ಜುಮಾ ಬಯಾನ್‌ನಲ್ಲಿ ನಾನೊಂದು ಮಾತು ಆಡಿದ್ದೆ. ಕಾಲೇಜಿನಲ್ಲಿ ಮಕ್ಕಳು ಕಲಿಯುವ ಇಂಟಿಗ್ರೇಷನ್ ಮುಸ್ಲಿಮರು ಕಂಡುಹಿಡಿದದ್ದು ಎಂದು. ನಮಾಝ್ ಮುಗಿದ ಮೇಲೆ ಕುಕ್ ಟೌನಿನ ನಮ್ಮ ಮೊಹಲ್ಲಾದ ಪಿಯುಸಿ ಹುಡುಗನೊಬ್ಬ ಬಂದು, "ಹಝ್ರತ್, ನಮ್ಮ ಪಾಠದಲ್ಲಿ ನ್ಯೂಟನ್, ಲೈಬ್ನಿಝ್ ಅಂತ ಇದೆಯಲ್ಲಾ. ನೀವು ಹೇಳಿದವರು ಯಾರು? ಏನು ಕಂಡುಹಿಡಿದರು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲೋ ಕೇಳಿದ್ದನ್ನು ಜನರ ಮುಂದೆ ಹೇಳಿಬಿಟ್ಟಿದ್ದೆ. ಬಿಎಯಲ್ಲಿ ನಾನು ಓದಿದ್ದು ಇತಿಹಾಸ, ಗಣಿತವಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಆ ಬಯಾನ್‌ನ ತಿದ್ದುಪಡಿ ಎಂದೇ ತಿಳಿಯಿರಿ.

ನೇರ ಅಂಚಿನ ಜಮೀನನ್ನು ಅಳೆಯುವುದು ಸುಲಭ. ಉದ್ದ, ಅಗಲ ಗುಣಿಸಿದರೆ ಆಯಿತು. ಅಂಚು ಬಾಗಿದರೆ ಕಷ್ಟ. ವಿರಾಸತ್ ಹಂಚುವಾಗ ಪಾಲು ಎಷ್ಟೇ ಸರಿಯಾಗಿದ್ದರೂ ಅಳತೆ ತಪ್ಪಿದರೆ ಯಾರದೋ ಹಕ್ಕು ಹೋಗುತ್ತದೆ.

9ನೇ ಶತಮಾನದಲ್ಲಿ ಈ ಕಷ್ಟಕ್ಕೆ ನಮ್ಮ ಕರ್ನಾಟಕದಲ್ಲೇ ಒಬ್ಬರು ಕೈಹಾಕಿದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ವಿದ್ವಾಂಸ ಮಹಾವೀರಾಚಾರ್ಯರು. ಸುಮಾರು 850ರ ಅವರ 'ಗಣಿತಸಾರಸಂಗ್ರಹ'ದಲ್ಲಿ 'ಆಯತವೃತ್ತ', ಅಂದರೆ ಮೊಟ್ಟೆಯಂತೆ ಉದ್ದವಾದ ದೀರ್ಘವೃತ್ತದ ವಿಸ್ತೀರ್ಣಕ್ಕೆ ಒಂದು ಸೂತ್ರವಿದೆ. ವೃತ್ತದಲ್ಲಿ ಸುತ್ತಳತೆಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ. ಅವರು ಅದನ್ನೇ ಇಲ್ಲಿಗೂ ತಂದು, ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಿ ಎಂದರು. ಉದ್ದ 40, ಅಗಲ 20 ಇದ್ದರೆ ಅವರ ಲೆಕ್ಕಕ್ಕೆ ಸುಮಾರು 469 ಬರುತ್ತದೆ. ನಿಜವಾದದ್ದು ಸುಮಾರು 628. ಕಾಲುಭಾಗವೇ ಮಾಯ! ಆದರೂ ಆ ಆಕೃತಿಯನ್ನು ಲೆಕ್ಕಕ್ಕೆ ಒಳಪಡಿಸುವ ಧೈರ್ಯ ಮಾಡಿದವರು ಅವರು. ಅದನ್ನು ಮರೆಯಬಾರದು.

ಅದೇ ದಿನಗಳಲ್ಲಿ ಅರಬ್ ವ್ಯಾಪಾರಿಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದರು. ವ್ಯಾಪಾರಿ ಸುಲೈಮಾನ್ ಹೆಸರಿನಲ್ಲಿರುವ 851ರ ವರದಿ, ರಾಷ್ಟ್ರಕೂಟ ದೊರೆಯನ್ನು 'ಬಲ್ಹರಾ' ಎಂದು ಕರೆದು, ಲೋಕದ ನಾಲ್ವರು ದೊಡ್ಡ ರಾಜರಲ್ಲಿ ಒಬ್ಬನೆಂದೂ ಅರಬರನ್ನು ಪ್ರೀತಿಸುವವನೆಂದೂ ಹೇಳುತ್ತದೆ. ಈ ಅರಬರ ರಾಜಧಾನಿ ಬಗ್ದಾದ್‌ನಲ್ಲಿ, ಅದೇ ಶತಮಾನದಲ್ಲಿ, ಅದೇ ದೀರ್ಘವೃತ್ತದ ಮುಂದೆ ಇನ್ನೊಬ್ಬರು ಕುಳಿತಿದ್ದರು. ಅವರು ಸಾಬಿತ್ ಇಬ್ನ್ ಕುರ್ರಾ. ಉದ್ದ ಅಗಲಗಳನ್ನು ಗುಣಿಸಿ ವರ್ಗಮೂಲ ತೆಗೆಯಿರಿ, ಅಷ್ಟು ವ್ಯಾಸದ ವೃತ್ತದ ವಿಸ್ತೀರ್ಣವೇ ಇದರದೂ ಎಂಬುದನ್ನು ಅವರು ಸಾಧಿಸಿ ತೋರಿಸಿದರು. ಅದು ಸರಿಯಾದ ಉತ್ತರ. ಎಸೆದ ಚೆಂಡು ಗಾಳಿಯಲ್ಲಿ ಎಳೆಯುವಂಥ ಗೆರೆಯಾದ ಪರವಲಯವನ್ನೂ ಅವರು ಅಳೆದರು. ಸಣ್ಣ ಸಣ್ಣ ತುಂಡುಗಳಾಗಿ ಸೀಳಿ, ಕೂಡಿಸಿ, ಅದು ತನ್ನನ್ನು ಸುತ್ತುವರಿದ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ಎಂದರು. ಗ್ರೀಕರ ಆರ್ಕಿಮಿಡೀಸ್ ಇದನ್ನು ಸಾವಿರ ವರ್ಷ ಮೊದಲೇ ಕಂಡಿದ್ದ. ಸಾಬಿತ್ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿದರು.

ಇಲ್ಲಿ ನನ್ನ ಬಯಾನ್ ಇನ್ನೊಂದು ಕಡೆ ಮುಗ್ಗರಿಸುತ್ತದೆ. ಹಿಜರಿ 288ರಲ್ಲಿ (ಕ್ರಿ.ಶ. 901) ತೀರಿಕೊಂಡ ಸಾಬಿತ್ ಮುಸ್ಲಿಮರಲ್ಲ. ಹರ್ರಾನ್ ಊರಿನ ಸಾಬಿಯನ್ ಪಂಥದವರು. ಖಲೀಫಾ ಮುಅ್‌ತಝಿದ್ ಅವರನ್ನು ಆಸ್ಥಾನದಲ್ಲಿಟ್ಟು ಗೌರವಿಸಿದರು.

ಅವರ ಮೊಮ್ಮಗ ಇಬ್ರಾಹೀಮ್ ಇಬ್ನ್ ಸಿನಾನ್ ಕಥೆ ನನಗೆ ತುಂಬ ಹಿಡಿಸಿತು. ಪರವಲಯಕ್ಕೆ ಅಲ್ ಮಾಹಾನಿ ಎಂಬುವರು ಅಜ್ಜನದಕ್ಕಿಂತ ಚಿಕ್ಕ ಸಾಧನೆ ಕೊಟ್ಟಿದ್ದಾರೆಂದು ಯಾರೋ ಇಬ್ರಾಹೀಮ್‌ಗೆ ಹೇಳಿದರಂತೆ. ನಮ್ಮ ಮನೆತನದಲ್ಲಿ ಅದನ್ನು ಮೀರಿಸುವವರು ಇಲ್ಲದಿರುವುದು ಅವರಿಗೆ ಸಹಿಸಲಿಲ್ಲ! ಕೂತು ಬರೆದೇಬಿಟ್ಟರು, ಎರಡಕ್ಕಿಂತಲೂ ಚಿಕ್ಕದನ್ನು. ಕಾರಣವನ್ನು ಮುಚ್ಚಿಡದೆ ಪುಸ್ತಕದಲ್ಲೇ ಹೇಳಿಕೊಂಡರು. 946ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಮುಂದೆ ಬಸ್ರಾದ ಇಬ್ನುಲ್ ಹೈಥಮ್ ಪರವಲಯವನ್ನು ತಿರುಗಿಸಿದಾಗ ಆಗುವ ಗುಮ್ಮಟದಂಥ ಆಕೃತಿಯ ಘನಅಳತೆ ಕಂಡರು. ಕೇರಳದಲ್ಲಿ 16ನೇ ಶತಮಾನದ 'ಯುಕ್ತಿಭಾಷಾ'ದಲ್ಲಿ ಜ್ಯೇಷ್ಠದೇವರು ಇದೇ ಬಗೆಯ ಕೂಡಿಕೆಗಳನ್ನು ಮಲಯಾಳದಲ್ಲಿ ವಿವರಿಸಿದರು. ಆದರೆ ಇವರೆಲ್ಲ ಒಂದೊಂದು ಆಕೃತಿಗೆ ಒಂದೊಂದು ಉಪಾಯ ಹುಡುಕಿದವರು. ವಿಸ್ತೀರ್ಣ ಕಾಣುವುದೂ ಗೆರೆಯ ಓರೆ ಕಾಣುವುದೂ ಒಂದಕ್ಕೊಂದು ತಿರುಗುಮುರುಗು ಎಂಬುದನ್ನು ಹಿಡಿದು, ಬಗೆಬಗೆಯ ಗೆರೆಗಳಿಗೆ ಸಲ್ಲುವ ಒಂದೇ ರೀತಿಯನ್ನು ಕಟ್ಟಿದ ಶ್ರೇಯಸ್ಸು 17ನೇ ಶತಮಾನದ ನ್ಯೂಟನ್, ಲೈಬ್ನಿಝ್ ಇಬ್ಬರದೇ. ಹುಡುಗನ ಪಾಠ ಸರಿಯಾಗಿತ್ತು.

ಇದನ್ನೆಲ್ಲ ಅವನಿಗೆ ಹೇಳಿದೆ. ಮರುದಿನ ಮಗ್ರಿಬ್ ಆದ ಮೇಲೆ ಗ್ರಾಫ್ ಹಾಳೆ ತಂದ. 40 ಮನೆ ಉದ್ದ, 20 ಮನೆ ಅಗಲದ ದೀರ್ಘವೃತ್ತ ಬರೆದಿದ್ದ. ಇಬ್ಬರೂ ವರಾಂಡದಲ್ಲಿ ಕುಳಿತು ಎಣಿಸಿದೆವು. ಪೂರ್ತಿ ಒಳಗೆ ಬಿದ್ದ ಮನೆಗಳು 568. ಗೆರೆ ಹಾದುಹೋದ ಮನೆಗಳನ್ನೂ ಸೇರಿಸಿದರೆ 676. ನಿಜ ಇವೆರಡರ ನಡುವೆ ಎಲ್ಲೋ ಇರಬೇಕು. ಮನೆಗಳನ್ನು ಚಿಕ್ಕದು ಮಾಡುತ್ತ ಹೋದರೆ ಎರಡೂ ಸಂಖ್ಯೆ ಹತ್ತಿರ ಬರುತ್ತವೆ, ಇಂಟಿಗ್ರೇಷನ್ ಅಂದರೆ ಇದೇ ಎಂದು ಈ ಸಲ ಅವನು ನನಗೆ ಪಾಠ ಮಾಡಿದ.

"469 ಆಗೋದಕ್ಕೆ ಸಾಧ್ಯವೇ ಇಲ್ಲ ಹಝ್ರತ್, ಒಳಗಿನವೇ ಅದಕ್ಕಿಂತ ಜಾಸ್ತಿ ಇವೆ" ಎಂದ. ಇಶಾ ಅಝಾನ್ ಆಗುವವರೆಗೂ ನಾವು ಎದ್ದಿರಲಿಲ್ಲ.